ಗೋಣಿ ಮರದ ಕಟ್ಟಳೆ ಬರೆದವರು

ಮಾತಾಡುವಾಗ ಅವರು ಎದುರಿನವರ ಮುಖ ನೋಡುತ್ತಿದ್ದುದು ಕಡಿಮೆ. ಅವರ ಕಣ್ಣು ಯಾವಾಗಲೂ ನಮ್ಮ ತಲೆಯಿಂದ ಹತ್ತು ಹದಿನೈದು ಅಡಿ ಮೇಲೆ ಇರುತ್ತಿತ್ತು. ಮೊದಲ ಸಲ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದಾಗ, "ನನ್ನ ತಲೀ ಮ್ಯಾಲ ಏನರ ಐತೇನ್ರಿ?" ಎಂದು ಕೇಳಿಯೇಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೇಳುತ್ತಾರೆ. ಅವರು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ಐತ್ರಿ. ಒಂದು ಒಣ ಟೊಂಗಿ ಐತಿ. ಎರಡು ಹೆಜ್ಜಿ ಈ ಕಡೆ ಬಂದು ನಿಂದರ್ರಿ" ಎಂದರು. ನಾನು ಸುಮ್ಮನೆ ಸರಿದು ನಿಂತೆ. ನಮ್ಮ ಪರಿಚಯ ಆದದ್ದು ಹೀಗೆ.

ಹೋದ ತಿಂಗಳು ಅವರು ತೀರಿಕೊಂಡರು. ದಾಂಡೇಲಿಯ ಸರಕಾರಿ ಕಟ್ಟಿಗೆ ಡಿಪೋದಲ್ಲಿ ಇಡೀ ನೌಕರಿ ಕಳೆದವರು. ಕಡಿದು ತಂದ ದಿಮ್ಮಿಗಳ ಸುತ್ತಳತೆ ಹಿಡಿದು, ಬರೆದುಕೊಂಡು, ಸುತ್ತಿಗೆಯಿಂದ ಗುರುತು ಹೊಡೆಯುವುದು ಅವರ ಕೆಲಸ. ಹಾಗಾಗಿ ಎಲ್ಲರಿಗೂ ಅವರು ಡಿಪೋ ಕಾಕಾ. "ಇಷ್ಟು ವರ್ಷ ಸತ್ತ ಗಿಡ ಅಳದ್ನಿ, ಇನ್ನರ ಜೀವ ಇದ್ದದ್ದು ಅಳೀತೇನಿ" ಎಂದು ನಿವೃತ್ತಿಯಾದ ಮೇಲೆ ಒಂದು ಹಳೆಯ ಮೊಪೆಡ್ ಹತ್ತಿ ಊರೂರು ತಿರುಗತೊಡಗಿದರು. ಊರಿನ ಗಿಡ, ಬೀಜ, ಹಕ್ಕಿ ಎಲ್ಲವನ್ನೂ ಬರೆದಿಡುವ ಜೀವವೈವಿಧ್ಯದ ದಾಖಲೆ ಪುಸ್ತಕ ಅಂತ ಪ್ರತಿ ಪಂಚಾಯ್ತಿಯಲ್ಲೂ ಒಂದು ಇರುತ್ತದೆ. ಬಹಳ ಕಡೆ ಅದು ಕಪಾಟಿನೊಳಗೆ ಧೂಳು ತಿನ್ನುತ್ತ ಬಿದ್ದಿರುತ್ತದೆ. ಕಾಕಾ ಹೋಗಿ ಅದನ್ನು ಹೊರಗೆ ತೆಗೆಸುತ್ತಿದ್ದರು, ಹಳೆಯ ಮರಗಳ ಪುಟ ತುಂಬಿ ಕೊಡುತ್ತಿದ್ದರು. ಯಾರೂ ಕರೆದದ್ದಲ್ಲ, ಯಾರೂ ಕೊಟ್ಟ ಕೆಲಸವಲ್ಲ.

ಮರದ ವಯಸ್ಸು ಎಷ್ಟು, ಎತ್ತರ ಎಷ್ಟು ಎಂದು ಅವರು ಮೊದಲು ಕೇಳುತ್ತಿರಲಿಲ್ಲ. "ಈ ಗಿಡಕ್ಕ ನಿಮ್ಮೂರಾಗ ಏನು ಕಟ್ಟಳಿ ಐತ್ರಿ?" ಎನ್ನುತ್ತಿದ್ದರು. ನಾನು ಮುಂಡಗೋಡದ ಕಡೆಯವಳು, ಇಂದೂರು ನನ್ನ ತವರು ಎಂದು ಗೊತ್ತಾದ ಕೂಡಲೇ ನನ್ನನ್ನೂ ಕೂರಿಸಿಕೊಂಡು ಕೇಳಿದರು. ನಮ್ಮಲ್ಲಿ ಆಕಳು ಈದರೆ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಕಟ್ಟಿ ಆಲದ ಮರಕ್ಕೆ ತೂಗು ಹಾಕುತ್ತಾರೆ, ಹಾಗೆ ತೂಗು ಹಾಕಿದ ಮರಕ್ಕೆ ಕೊಡಲಿ ಹಾಕುವುದಿಲ್ಲ ಎಂದೆ. ಎಷ್ಟು ದಿನ ಹಾಕುವುದಿಲ್ಲ, ಮಾಸು ಉದುರಿ ಬಿದ್ದ ಮೇಲೆ ಏನು, ಎಮ್ಮೆಯದಾದರೆ ಏನು ಎಂದು ಒಂದರ ಮೇಲೊಂದು ಕೇಳಿದರು. ನಾನು ಹುಟ್ಟಿ ಬೆಳೆದ ಊರಿನ ಸಂಗತಿ ನನಗೇ ಗೊತ್ತಿರಲಿಲ್ಲ, ನಾಚಿಕೆಯಾಗಿ ಅವ್ವನಿಗೆ ಫೋನು ಹಚ್ಚಿ ಕೊಟ್ಟೆ.

ಹೀಗೆ ಅವರ ಬಳಿ ಊರಿಗೊಂದು ಕಟ್ಟಳೆ ಕೂಡಿಬಿದ್ದಿತ್ತು. ಅನಮೋಡದ ಕಡೆ ಕುಣಬಿ ಜನರ ಒಂದು ಕೇರಿಯಲ್ಲಿ ದೇವರ ಮರದ ಕೆಳಗಿನ ತರಗೆಲೆಯನ್ನೂ ಗೊಬ್ಬರಕ್ಕೆ ಗುಡಿಸಬಾರದಂತೆ. ಅಲ್ಲಿಂದ ಒಂದು ಗುಡ್ಡ ಇಳಿದರೆ ಸಿಗುವ ಊರಲ್ಲಿ ಎಲೆ ಒಯ್ಯಬಹುದು, ಆದರೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದು. ಹಳಿಯಾಳದ ಸೀಮೆಯ ಒಂದೂರಲ್ಲಿ ಬಿದ್ದ ಟೊಂಗೆ ಗುಡಿಯ ಒಲೆಗೆ ಮಾತ್ರ. ದಾಂಡೇಲಿಯಂಥ ಪೇಟೆಯಲ್ಲಾದರೆ ಮರ ಕಡಿಯಲು ಅರ್ಜಿ, ತಕರಾರು ಇದ್ದವರು ಹೇಳಲಿ ಎಂದು ನೋಟೀಸು. ಆ ನೋಟೀಸನ್ನು ಮರಕ್ಕೇ ಮೊಳೆ ಹೊಡೆದು ತೂಗು ಹಾಕುವುದನ್ನು ನೋಡಿದರೆ ಕಾಕಾನ ಮೈ ಉರಿಯುತ್ತಿತ್ತು. ಜೇಬಿನಲ್ಲಿ ಒಂದು ಇಕ್ಕಳ ಇಟ್ಟುಕೊಂಡೇ ಪೇಟೆಯಲ್ಲಿ ತಿರುಗುತ್ತಿದ್ದರು. ಮೊಳೆ ಕಿತ್ತು, ನೋಟೀಸನ್ನು ದಾರದಿಂದ ಕಟ್ಟಿ, ಆ ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಲ್ಲುತ್ತಿದ್ದರು. ರಕ್ತ ತೆಗೆದ ಮೇಲೆ ನಾವು ಹತ್ತಿ ಒತ್ತಿ ಹಿಡಿಯುತ್ತೇವಲ್ಲ, ಹಾಗೆ.

ಇನ್ನು ನಮ್ಮ ಮರದ ಸಂಗತಿ. ಉಪಕೇಂದ್ರ ಇರುವುದು ಹಳಿಯಾಳ ದಾಂಡೇಲಿ ನಡುವಿನ ಒಂದು ಒಳರಸ್ತೆಯಲ್ಲಿ, ಎರಡು ಊರುಗಳ ಗಡಿಗೆ. ಹಳಿಯಾಳದ ಕಡೆಯದು ಮೇಲಿನೂರು, ದಾಂಡೇಲಿಯ ಕಡೆಯದು ಕೆಳಗಿನೂರು ಎಂದುಕೊಳ್ಳಿ. ಮೇಲಿನೂರಿನವರು ಈಶ್ವರನಿಗೆ ನಡೆದುಕೊಳ್ಳುವ ರೈತರು, ವರ್ಷಕ್ಕೊಮ್ಮೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುವವರು. ಕೆಳಗಿನೂರಿನಲ್ಲಿ ಸಿದ್ದಿ ಜನ, ತುಸು ಹೊಲ, ಉಳಿದದ್ದು ಕೂಲಿ. ಪಂಚಾಯ್ತಿಯೂ ಬೇರೆ ಬೇರೆ. ಗಡಿಕಲ್ಲು ನೆಟ್ಟಿರುವುದು ಒಂದು ಗೋಣಿ ಮರದ ಬುಡಕ್ಕೆ. ಆಲದ ಜಾತಿಯದೇ, ಆದರೆ ನೆಲಕ್ಕಿಳಿದ ಬಿಳಲುಗಳಿಲ್ಲ, ಅದರ ಟೊಂಗೆಗಳೇ ಒಂದೊಂದು ಮರದಷ್ಟು ದಪ್ಪ. ಯಾವ ಪುಣ್ಯಾತ್ಮ ನೆರಳು ಚೆನ್ನಾಗಿದೆ ಎಂದು ಜಾಗ ಆರಿಸಿದನೋ, ನಮ್ಮ ಕಟ್ಟಡ, ಅಂಗಳ, ಮೇಲಿನೂರಿಗೆ ಹೋಗುವ ರಸ್ತೆ ಎಲ್ಲವೂ ಅದರ ಕೆಳಗೇ ಬರುತ್ತವೆ.

ಈ ಒಂದು ಮರಕ್ಕೆ ಎರಡು ಕಟ್ಟಳೆ ಇದ್ದವು. ಮೇಲಿನೂರಿನ ಪ್ರಕಾರ ಅದಕ್ಕೆ ಕಬ್ಬಿಣ ಸೋಕಿಸುವಂತಿಲ್ಲ. ಒಣಗಿದ್ದು ತಾನಾಗಿಯೇ ಬೀಳಬೇಕು. ಕಬ್ಬಿಣ ಸೋಕಿಸಿದವರು ಸಾಯುವತನಕ ಅದರ ನೆರಳಿಗೆ ಬರುವಂತಿಲ್ಲ. ಕೆಳಗಿನೂರಿನಲ್ಲಿ ಹಸಿ ಚಿಗುರು ಕೀಳುವಂತಿಲ್ಲ, ಆದರೆ ಒಣ ಟೊಂಗೆಯನ್ನು ತೀರಿಹೋದ ಹಿರಿಯರಿಗೆ ಕಾಯಿ ಒಡೆದು, ಕೇಳಿಕೊಂಡು ತೆಗೆಯಬಹುದು. ಅದನ್ನು ಮಾರಬಾರದು, ಹಿರಿಯರ ದಿನದ ಅಡಿಗೆಗೆ ಉರಿಸಬೇಕು.

ಮರವನ್ನು ಪಾರಂಪರಿಕ ಮರ ಎಂದು ಎರಡೂ ಪಂಚಾಯ್ತಿಯವರು ಬರೆಸುವುದೆಂದಾದಾಗ ಸಭೆ ನಮ್ಮ ಅಂಗಳದಲ್ಲೇ ನಡೆಯಿತು. ಚಹಾ ಕೊಟ್ಟವಳು ನಾನು. ಕಾಕಾ ಎರಡೂ ಪುಸ್ತಕದಲ್ಲಿ ಮೇಲಿನೂರಿನ ಕಟ್ಟಳೆಯನ್ನೇ ಬರೆಯೋಣ ಎಂದರು. ಕೆಳಗಿನೂರಿನ ಆಯಿ ಒಪ್ಪಲಿಲ್ಲ. ಆಯಿ ಪಂಚಾಯ್ತಿ ಮೆಂಬರು, ನಾನು ಬರುವ ಮೊದಲು ಎರಡೂ ಊರಿನ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ. ಒಣಗಿದ್ದನ್ನು ತೆಗೆಯದಿದ್ದರೆ ಮರಕ್ಕೂ ತ್ರಾಸು, ಜನಕ್ಕೂ ತ್ರಾಸು, ನಮ್ಮ ಹಿರಿಯರೇನು ಸುಮ್ಮನೆ ಹೇಳಿದ್ದಲ್ಲ ಎಂದು ವಾದಿಸಿದಳು. ಕಾಕಾ ಡಿಪೋದಲ್ಲಿ ಕಂಡದ್ದನ್ನು ಮರೆತವರಲ್ಲ. ಒಣಗಿದ್ದು ಎಂಬ ಹೆಸರಿನಲ್ಲಿ ಹಸಿ ಮರಗಳು ಎಷ್ಟು ಬಂದು ಬಿದ್ದಿದ್ದವೋ. "ಒಂದು ಗಿಡಕ್ಕ ಎರಡು ಕಟ್ಟಳಿ ಬ್ಯಾಡವಾ. ನಡುವಿನ ಸಂದಿನ್ಯಾಗ ಗರಗಸ ಹೊಕ್ಕೋತೈತಿ" ಎಂದು ಕೈಮುಗಿದರು. ಕಾಕಾ ಅಂದರೆ ಎಲ್ಲರಿಗೂ ಗೌರವ. ಆಯಿ ಹೆಬ್ಬೆಟ್ಟು ಒತ್ತಿದಳು, ಆದರೆ ಚಹಾ ಕುಡಿಯದೆ ಎದ್ದು ಹೋದಳು.

ಅವರು ಮಾಡಿದ ತಪ್ಪೇನಾದರೂ ಇದ್ದರೆ ಇದೊಂದೇ. ಮರದ ಮೇಲಿನ ಜೀವಕ್ಕೆ ಬಿಗಿಯಾದ ಕಟ್ಟಳೆಯನ್ನು ಆರಿಸಿದರು, ಕೆಳಗೆ ನಾವು ಇದ್ದೇವೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಮರುವರ್ಷ ಬೇಸಿಗೆಯ ಕೊನೆಗೆ ಅಡ್ಡಮಳೆಯೊಂದು ಗಾಳಿಯ ಜೊತೆ ಬಂದು ಹೋಯಿತು. ಬೆಳಿಗ್ಗೆ ಅಂಗಳ ಗುಡಿಸಲು ಬಂದಾಗ ಹೆರಿಗೆ ಕೋಣೆಯ ಮೇಲಿನ ಟೊಂಗೆ ತಲೆ ತಗ್ಗಿಸಿದ್ದು ಕಂಡಿತು. ಬುಡದಲ್ಲಿ ಒಂದು ಸೀಳು, ನನ್ನ ಕೈ ಹೋಗುವಷ್ಟು. ಕಾಕಾನಿಗೆ ಫೋನು ಮಾಡಿದೆ. ಬಂದವರು ನನ್ನ ಸ್ಟೆಥಾಸ್ಕೋಪು ಇಸಿದುಕೊಂಡು ಏಣಿ ಹತ್ತಿ, ಟೊಂಗೆಗೆ ಇಟ್ಟು ಬಹಳ ಹೊತ್ತು ಕೇಳಿದರು. ನಾನು ತಮಾಷೆಗೆ, ಎಷ್ಟು ತಿಂಗಳು ಕಾಕಾ ಎಂದೆ. ಅವರು ಇಳಿದು ಬಂದು ಸ್ಟೆಥಾಸ್ಕೋಪನ್ನು ನನ್ನ ಕೈಗೆ ಕೊಟ್ಟರು. "ಒಳಗ ಎಲ್ಲಾ ಪೊಳ್ಳು ಐತ್ರಿ ಸಿಸ್ಟರ್. ಮಿರಗದ ಮಳಿ ತಡಿಯೂದಿಲ್ಲ ಇದು" ಎಂದರು. ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಹದಿನೈದು ದಿನ ಬಾಕಿ ಇತ್ತು. ಆಯಿಯ ಸೊಸೆಗೆ ನಾನು ಬರೆದುಕೊಟ್ಟಿದ್ದ ಹೆರಿಗೆಯ ದಿನವೂ ಮಿರಗದ ವಾರದಲ್ಲೇ ಬರುತ್ತಿತ್ತು.

ಆ ಹದಿನೈದು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಅರಣ್ಯ ಇಲಾಖೆಗೆ ಹೋದರೆ ಎರಡೂ ಪಂಚಾಯ್ತಿಯ ಠರಾವು ತನ್ನಿ ಎಂದರು. ಮೇಲಿನೂರಿನ ಗೌಡರು ಒಳ್ಳೆಯ ಮನುಷ್ಯ, ಅವರ ಮನೆಯ ಮೂರು ಬಾಣಂತನ ನಾನೇ ನೋಡಿದ್ದು. ಅವರೂ ತಲೆ ಅಲ್ಲಾಡಿಸಿಬಿಟ್ಟರು. ಕಟ್ಟಳೆ ನಾವು ಮಾಡಿದ್ದಲ್ಲ, ಬಿಡುವುದಕ್ಕೂ ನಾವು ಯಾರು ಎಂದರು. ಕೆಳಗಿನೂರಿನಲ್ಲಿ ಆಯಿ, ನಮ್ಮ ಕೈಯಲ್ಲಿದ್ದುದನ್ನು ನಿಮ್ಮ ಕಾಕಾ ಬಿಡಿಸಿಕೊಂಡ, ಈಗ ಅವನನ್ನೇ ಕೇಳು ಎಂದಳು. ನಮ್ಮ ಆರೋಗ್ಯ ಇಲಾಖೆಯ ಸಾಹೇಬರು ಹೆರಿಗೆಗಳನ್ನೆಲ್ಲ ತಾಲೂಕಿಗೆ ಕಳಿಸಿ ಎಂದು ಸೂಚನೆ ಕೊಟ್ಟರು. ಮಳೆ ಹಿಡಿದರೆ ಎರಡೂ ಊರಿನಾಚೆಯ ಹಳ್ಳ ತುಂಬಿ ಕೋಳಿ ಕೂಡ ದಾಟುವುದಿಲ್ಲ ಎಂದು ಅವರಿಗೆ ಯಾರು ಹೇಳಬೇಕು?

ಕಾಕಾ ದಿನಾ ಬರುತ್ತಿದ್ದರು. ಕಬ್ಬಿಣವಿಲ್ಲದೆ ಏನೇನು ಸಾಧ್ಯವೋ ಅಷ್ಟೂ ಮಾಡಿದರು. ತೆಂಗಿನ ನಾರಿನ ಹಗ್ಗದಿಂದ ಟೊಂಗೆಯನ್ನು ಮೇಲಿನ ಕವಲಿಗೆ ಬಿಗಿದರು, ಮರುದಿನ ಹಗ್ಗ ಸಡಿಲ. ಬಿದಿರಿನ ಊರುಗೋಲು ಕೊಟ್ಟರು, ಅದು ಬಿಲ್ಲಿನಂತೆ ಬಾಗಿತು. ಆಮೇಲೆ ಹೆರಿಗೆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು, ಆ ಟೊಂಗೆಯ ಕೆಳಗೇ ಕೂರತೊಡಗಿದರು. ಇಲ್ಲಿ ಯಾಕೆ ಕೂತಿರಿ, ಬಿದ್ದರೆ ಏನು ಗತಿ ಎಂದು ನಾನು ಬೈದೆ. "ಬರದಾಂವ ನಾನ ಅಲ್ಲೇನ್ರೀ" ಎಂದರು, ಅಷ್ಟೇ. ಊಟದ ಡಬ್ಬಿ ಬಿಚ್ಚುತ್ತಿದ್ದರು, ಎರಡು ತುತ್ತಿಗೆ ಮುಚ್ಚುತ್ತಿದ್ದರು. ಆಗಲೇ ಅವರ ಬಿ.ಪಿ. ಏರತೊಡಗಿದ್ದು.

ಮಿರಗ ಎರಡು ದಿನ ಮೊದಲೇ ಹಿಡಿಯಿತು. ಹಳ್ಳ ತುಂಬಿದ ದಿನವೇ ಬೆಳಿಗ್ಗೆ ಆಯಿ ಸೊಸೆಯನ್ನು ಕರೆತಂದಳು. ನೋವು ಶುರುವಾಗಿತ್ತು. ರಾತ್ರಿ ಇಲ್ಲೇ ಉಳಿದಿದ್ದ ಕಾಕಾ ಬಾಗಿಲಲ್ಲಿ ನಿಂತು, ಎಷ್ಟು ತಾಸು ಹಿಡಿಯುತ್ತದೆ ಎಂದು ಕೇಳಿದರು. ಚೊಚ್ಚಲು, ಸಂಜೆಯಾಗಬಹುದು ಎಂದೆ. ಅವರು ಪಶ್ಚಿಮದ ಕಡೆ ಮೋಡ ನೋಡಿದರು. ಆಮೇಲೆ ಕೆಳಗಿನೂರಿಗೆ ನಡೆದುಹೋಗಿ, ಹಗ್ಗ ಹಿಡಿಯಲು ನಾಲ್ಕು ಜನರನ್ನೂ ಒಂದು ಗರಗಸವನ್ನೂ ತಂದರು. ಮರ ಹತ್ತಿ ಅಭ್ಯಾಸವಿದ್ದ ಗಟ್ಟಿ ಆಳುಗಳು ನಾವು ಕೊಯ್ಯುತ್ತೇವೆ ಎಂದರೆ ಕೊಡಲಿಲ್ಲ. ನೀವು ಹಗ್ಗ ಮಾತ್ರ ಹಿಡಿಯಿರಿ, ಕಬ್ಬಿಣ ನನ್ನ ಕೈಯಲ್ಲೇ ಇರಲಿ ಎಂದು, ಅರವತ್ತು ದಾಟಿದ ಆ ಮನುಷ್ಯ ಏಣಿ ಹತ್ತಿ ಕೋಣೆಯ ಮಾಳಿಗೆಯ ಮೇಲೆ ನಿಂತರು.

ಒಳಗೆ ನಾನು, ಆಯಿ, ನೋವು ತಿನ್ನುವ ಹುಡುಗಿ. ನೆತ್ತಿಯ ಮೇಲೆ ಗರಗಸದ ಸದ್ದು. ಟೊಂಗೆ ಕಿರ್ರೆಂದರೆ ಹುಡುಗಿಯ ಮೇಲೆ ನಾನೇ ಬಗ್ಗಿಬಿಡುತ್ತಿದ್ದೆ, ನನ್ನ ಬೆನ್ನಿನಿಂದ ಏನು ತಡೆಯುತ್ತೇನೋ ಎಂಬಂತೆ. ಕಿಟಕಿಯಲ್ಲಿ ನೋಡಿದರೆ ಮೇಲಿನೂರಿನವರೆಲ್ಲ ಬಂದು ಮಳೆಯಲ್ಲಿ ನಿಂತಿದ್ದರು. ಯಾರೂ ತಡೆಯಲಿಲ್ಲ. ಹಾಗೆ ನಿಂತವರಿಗೆ ನಾನು ಟೊಂಗೆಗಿಂತ ಹೆಚ್ಚು ಹೆದರಿದೆ. ಮಧ್ಯಾಹ್ನ ದಾಟಿದ ಮೇಲೆ ಟೊಂಗೆ ಹಗ್ಗದಲ್ಲಿ ತೂಗಾಡುತ್ತ ಅಂಗಳಕ್ಕೆ ಇಳಿಯಿತು. ಕೊಯ್ದ ಬಾಯಲ್ಲಿ ತೊಗಟೆ ಬಿಟ್ಟರೆ ಬರೀ ಹಿಟ್ಟು. ನಾಲ್ಕರ ಸುಮಾರಿಗೆ ಮಗು ಅತ್ತಿತು, ಹೆಣ್ಣು.

ನಾನು ಕೈ ತೊಳೆದು ಹೊರಗೆ ಬಂದಾಗ ಗೌಡರು ಮೇಲಿನೂರಿನ ದಾಖಲೆ ಪುಸ್ತಕ ತರಿಸಿದ್ದರು. ಅದನ್ನು ಬಿಚ್ಚಿ ಕಾಕಾನ ಮುಂದೆ ಹಿಡಿದರು.

"ನೀವ ಬರದದ್ದು ಕಾಕಾ. ನೀವ ಓದ್ರಿ."

ಕಾಕಾ ಕನ್ನಡಕ ಒರೆಸಿಕೊಂಡು ಓದಿದರು, ಎಲ್ಲರಿಗೂ ಕೇಳುವಂತೆ. ಕಬ್ಬಿಣ ಸೋಕಿಸಿದವರು ಸಾಯುವತನಕ ನೆರಳಿಗೆ ಬರತಕ್ಕದ್ದಲ್ಲ, ಎನ್ನುವವರೆಗೂ ಓದಿದರು. ಪುಸ್ತಕ ಮುಚ್ಚಿ ಗೌಡರಿಗೆ ಕೊಟ್ಟು, ಟೊಂಗೆಗಳ ಅಂಚು ಮುಗಿಯುವ ತನಕ ನಡೆದು, ಅಲ್ಲಿ ಮಳೆಯಲ್ಲಿ ನಿಂತರು.

ಹಿಂದಿನಿಂದ ಆಯಿ ಓಡಿದಳು. ಅರ್ಧ ಮರ ನಮ್ಮದು, ಅರ್ಧ ನೆರಳು ನಮ್ಮದು, ನಮ್ಮ ಹಿರಿಯರು ಯಾರನ್ನೂ ನೆರಳಿನಿಂದ ಹೊರಗೆ ಹಾಕಿಲ್ಲ, ನೀನು ಕೆಳಗಿನ ಬದಿಯಿಂದ ಬಾ, ಹಿಂದಿನ ಬಾಗಿಲಿದೆ ಎಂದು ಅತ್ತಳು. ಆಗ ಕಾಕಾ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಎರಡು ಕಟ್ಟಳಿ ಬ್ಯಾಡ ಅಂದಾಂವ ನಾನವಾ. ಈಗ ನನಗ ಅನುಕೂಲ ಆಕ್ಕೈತಿ ಅಂತ ಎರಡು ಮಾಡ್ಲೇನು?"

ಮೂರು ವರ್ಷ ಅವರು ಹಾಗೆಯೇ ನಡೆದುಕೊಂಡರು. ಹಳಿಯಾಳಕ್ಕೆ ಹೋಗುವುದಿದ್ದರೂ ಈ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ಬಿ.ಪಿ. ನೋಡಿಸಿಕೊಳ್ಳಲು ತಿಂಗಳಿಗೊಮ್ಮೆ ದಾಂಡೇಲಿಯ ಕಡೆಯಿಂದ ಬಂದು, ನೆರಳಿನ ಅಂಚಿನಾಚೆ ಮೊಪೆಡ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು. ನಾನು ಕುರ್ಚಿ, ಮಶೀನು, ಗುಳಿಗೆ ಹೊತ್ತುಕೊಂಡು ಬಿಸಿಲಿಗೆ ಹೋಗಬೇಕು. ಪ್ರತಿ ಸಲವೂ ಜಗಳ. ದಾಂಡೇಲಿಯಲ್ಲಿ ಇಷ್ಟು ದೊಡ್ಡ ದವಾಖಾನೆ ಬಿಟ್ಟು ಇಲ್ಲಿಗೇ ಯಾಕೆ ಬರುತ್ತೀರಿ ಎಂದರೆ, ಕೊಯ್ದ ಗಾಯ ಮಾಯುತ್ತಿದೆಯೋ ಇಲ್ಲವೋ ನೋಡಬೇಕಲ್ಲ ಎನ್ನುತ್ತಿದ್ದರು. ನಾನು ತೋಳಿಗೆ ಪಟ್ಟಿ ಸುತ್ತುವಾಗ ಅವರು ದೂರದಿಂದಲೇ ಆ ಗಾಯದ ಸುತ್ತ ತೊಗಟೆ ಎಷ್ಟು ಬೆಳೆಯಿತು ಎಂದು ಅಳೆಯುತ್ತಿದ್ದರು. ಮೇಲಿನೂರಿನ ಹೆಂಗಸರು ಅವರಿಗೆ ಮಜ್ಜಿಗೆ ತಂದುಕೊಡುತ್ತಿದ್ದರು, ಅದೂ ಬಿಸಿಲಿಗೆ. ಆ ಮನುಷ್ಯನ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

ಹೋದ ತಿಂಗಳು, ಉರಿಬಿಸಿಲಿನ ಮಧ್ಯಾಹ್ನ, ಹಾರ್ನ್ ಕೇಳಿಸಿತು. ಕುರ್ಚಿ ಎತ್ತಿಕೊಂಡು ಹೋಗುವಷ್ಟರಲ್ಲಿ ಅವರು ಮೊಪೆಡ್ಡಿನ ಪಕ್ಕ ಕುಸಿದಿದ್ದರು. ಬಾಯಿ ಒಂದು ಬದಿಗೆ ಎಳೆದಿತ್ತು, ಬಲಗೈ ಎತ್ತಿದರೆ ಬೀಳುತ್ತಿತ್ತು. ಬಿ.ಪಿ.ಯ ಮೇಲಿನ ಅಂಕಿ ಇನ್ನೂರು ದಾಟಿತ್ತು. ಲಕ್ವಾ ಎಂದು ಗೊತ್ತಾಯಿತು. ಇದರಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ ಎಂದು ಎಷ್ಟು ಜನರಿಗೆ ನಾನೇ ಪಾಠ ಹೇಳಿಲ್ಲ! ಆಂಬುಲೆನ್ಸಿಗೆ ಫೋನು ಮಾಡಿ, ಅವರನ್ನು ಮಗ್ಗುಲಿಗೆ ಮಲಗಿಸಿ, ನನ್ನ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದೆ. ಒಳಗಿನ ಮಂಚ ಇಪ್ಪತ್ತು ಹೆಜ್ಜೆ ದೂರ. ಹೋಗೋಣ ಕಾಕಾ, ಈಗಲಾದರೂ ಎಂದೆ. ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ತಲೆ ಅಲ್ಲಾಡಿಸಿದರು.

ಆಂಬುಲೆನ್ಸು ಹಳಿಯಾಳದಿಂದ ಬೇಗ ಬಂತು. ಸುದ್ದಿ ತಿಳಿದು ಗೌಡರೂ ಅದರ ಹಿಂದೆಯೇ ಓಡಿ ಬಂದರು. ಸ್ಟ್ರೆಚರನ್ನು ಬಿಸಿಲಿಗೇ ತಂದು ಏರಿಸಿದೆವು. ಇನ್ನು ಗಾಡಿ ತಿರುಗಿಸಿ ಹೊರಟರೆ ಹಳಿಯಾಳದ ದೊಡ್ಡ ದವಾಖಾನೆ ಹತ್ತಿರ. ಆದರೆ ಆ ರಸ್ತೆ ಮರದ ಕೆಳಗೇ ಹೋಗುತ್ತದೆ, ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತಿನ ನೆರಳು. ದಾಂಡೇಲಿ ಕಡೆಗಾದರೆ ಕೆಟ್ಟ ರಸ್ತೆ, ಅರ್ಧ ತಾಸು ಹೆಚ್ಚು. ಗೌಡರು ಗಾಡಿಯ ಬಾಗಿಲು ಹಿಡಿದು ಅಳುತ್ತಿದ್ದರು.

"ಹಳಿಯಾಳಕ್ಕ ಹೋಗ್ರಿ ಸಿಸ್ಟರ್. ಕಟ್ಟಳಿ ಗಿಟ್ಟಳಿ ಏನೂ ಬ್ಯಾಡ. ನಾ ಊರಿಗೆ ಹೇಳ್ತೇನಿ, ನೀವು ಹೋಗ್ರಿ."

ಡ್ರೈವರು ನನ್ನನ್ನೇ ನೋಡುತ್ತಿದ್ದ. ಕಾಕಾ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಆ ಹಿಡಿತ ಇನ್ನೂ ಬಿಗಿಯಾಯಿತು. ಮಾತು ಹೋಗಿದ್ದರೂ ಕಣ್ಣಲ್ಲಿ ಎಲ್ಲ ಇತ್ತು, ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷ ಆ ಕಟ್ಟಳೆಯ ಮೇಲೆ ಬಾಯಿಗೆ ಬಂದಂತೆ ಬೈದವಳು ನಾನು. ದಾಂಡೇಲಿ ಕಡೆ ಹೊಡೀರಿ ಎಂದು ಹೇಳಿದವಳೂ ನಾನೇ.

ದಾರಿಯುದ್ದಕ್ಕೂ ಗಡಿಯಾರ ನೋಡುತ್ತ ಕೂತೆ. ಅರ್ಧ ದಾರಿಯಲ್ಲಿ ಅವರ ಹಿಡಿತ ಸಡಿಲಾಯಿತು. ಮೂರನೆಯ ದಿನ ತೀರಿಕೊಂಡರು. ಬೇಗ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿಲ್ಲ, ಕೇಳುವ ಧೈರ್ಯ ಇಲ್ಲ. ಆದರೆ ಆ ದಿನ ದಾಂಡೇಲಿಯ ದವಾಖಾನೆಯಲ್ಲಿ ಅವರನ್ನು ಒಳಗೆ ಒಯ್ದ ಮೇಲೆ, ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, ನಿಮಗೆ ಹಳಿಯಾಳ ಹತ್ತಿರ ಅಲ್ಲವೇ, ನರ್ಸ್ ಆಗಿ ನಿಮಗೆ ಗೊತ್ತಾಗುವುದಿಲ್ಲವೇ, ಇಷ್ಟು ದೂರ ಯಾಕೆ ತಂದಿರಿ ಎಂದು ಕೇಳಿದರು. ಹೊರಗೆ ಬಿಸಿಲು ಸುಡುತ್ತಿತ್ತು, ಮಳೆಯ ಹನಿ ಕಂಡು ತಿಂಗಳುಗಳಾಗಿದ್ದವು.

"ಹಳ್ಳ ತುಂಬಿತ್ರಿ ಸರ್. ರಸ್ತೆ ಬಂದ್ ಆಗಿತ್ತು" ಎಂದೆ.